ಬೀಳು ಬಿದ್ದ ಹೊಲದಿಂದ ಬಳ್ಳಾರಿ ಜಾಲಿಯ ಬುಡ ಕೀಳಿಸಿದ ದಿನಗಳು

ಕುಷ್ಟಗಿ ತಾಲ್ಲೂಕಿನಲ್ಲಿ ಅಪ್ಪನಿಂದ ನನ್ನ ಹೆಸರಿಗೆ ಬಂದ ಹೊಲ 4 ಎಕರೆ 12 ಗುಂಟೆ. ಮೇಲಿನ ಮೂರು ಪಾಲು ಮಸಾರಿ, ಅಂದರೆ ಕೆಂಪು ಮಣ್ಣು; ಹಳ್ಳದ ಕಡೆಯ ಒಂದು ಪಾಲು ಎರೆ, ಅಂದರೆ ಕಪ್ಪು ಮಣ್ಣು. ಪಹಣಿಯಲ್ಲಿ ಖುಷ್ಕಿ, ಅಂದರೆ ಮಳೆ ನಂಬಿದ ಜಮೀನು ಎಂದಿದೆ. ಅಪ್ಪ ಹಾಸಿಗೆ ಹಿಡಿದ ವರ್ಷ ಬಿತ್ತನೆ ನಿಂತಿತು. ಮರುವರ್ಷ ಬದುವಿನ ಮೇಲಿದ್ದ ಜಾಲಿ ಹೊಲದೊಳಗೆ ಇಳಿಯಿತು. ಐದನೆಯ ವರ್ಷಕ್ಕೆ ಈ ತುದಿಯಲ್ಲಿ ನಿಂತರೆ ಆ ತುದಿಯ ಬೇವಿನ ಮರ ಕಾಣದಂತಾಯಿತು. ಹನ್ನೊಂದನೆಯ ವರ್ಷ, ಅಂದರೆ ಈ ಬೇಸಿಗೆಯಲ್ಲಿ, ಮಷಿನ್ ಹಚ್ಚಿ ತೆಗೆಸಿದೆ. ದಿನದಿನದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ; ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ನೌಕರಿಗೆಂದು ಊರು ಬಿಟ್ಟವರ ಹೊಲಗಳು ಹೀಗೆಯೇ ಕಂಟಿ ಬೆಳೆದು ನಿಂತಿವೆ. ಅಂಥವರು ಮಷಿನ್ ಮಾಲೀಕರಿಗೆ ಫೋನ್ ಮಾಡುವ ಮೊದಲು ಇದನ್ನು ಓದಲಿ ಎಂಬುದು ನನ್ನ ಆಸೆ.

ಮೊದಲು ನನ್ನ ಹಳೆಯ ತಪ್ಪನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳ ಹಿಂದೆ ಒಮ್ಮೆ ಇದೇ ಹೊಲವನ್ನು ತೆಗೆಸಿದ್ದೆ. ಇದ್ದಿಲು ಸುಡುವ ವ್ಯಾಪಾರಿಯೊಬ್ಬರು ಬಂದು, "ಅಕ್ಕಾ, ನಿಮ್ಮಿಂದ ಒಂದು ರೂಪಾಯಿ ಬೇಡ. ಕಟ್ಟಿಗೆ ನಮಗೆ ಬಿಡಿ, ಹೊಲ ಸ್ವಚ್ಛ ಮಾಡಿಕೊಡುತ್ತೇವೆ" ಎಂದರು. ಇಪ್ಪತ್ತು ದಿನ ಕೊಡಲಿ ಬಿದ್ದವು, ಟ್ರ್ಯಾಕ್ಟರ್‌ಗಳು ತುಂಬಿಕೊಂಡು ಹೋದವು. ರಸ್ತೆಯಲ್ಲಿ ನಿಂತು ನೋಡಿದರೆ ಹೊಲ ಬಯಲಾಗಿತ್ತು. ಫೋಟೊ ತೆಗೆದು ಅಪ್ಪನಿಗೆ ತೋರಿಸಿದೆ, ಅವರ ಕಣ್ಣು ತುಂಬಿ ಬಂದವು. ಆದರೆ ಎಲ್ಲ ಗಿಡಗಳನ್ನೂ ಕಣಕಾಲಿನ ಎತ್ತರಕ್ಕೆ ಕಡಿದಿದ್ದರು. ಮೊದಲ ಮಳೆ ಬಿದ್ದ ಹದಿನೈದೇ ದಿನಕ್ಕೆ ಪ್ರತಿ ಮೋಟಿನ ಸುತ್ತಲೂ ಚಿಗುರು ಎದ್ದಿತು. ಒಂದು ಕಾಂಡ ಇದ್ದ ಕಡೆ ಎಂಟು, ಹತ್ತು ಕಾಂಡ. ಮೊದಲು ಬಗ್ಗಿಕೊಂಡಾದರೂ ಒಳಗೆ ಹೋಗಬಹುದಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಆಡು ಕೂಡ ನುಗ್ಗಲಾರದಂತೆ ಹೆಣೆದುಕೊಂಡಿತು. ಅವರು ಮಾತು ತಪ್ಪಲಿಲ್ಲ, ಕಟ್ಟಿಗೆಯನ್ನು ಪೂರ್ತಿ ಒಯ್ದರು. ಬುಡದ ಮಾತನ್ನು ನಾವಿಬ್ಬರೂ ಆಡಿರಲಿಲ್ಲ.

ಈ ಗಿಡದ ಜೀವ ಇರುವುದು ಬುಡದಲ್ಲಿ. ಕಾಂಡವೂ ಬೇರೂ ಕೂಡುವ ಕಡೆ ಗಂಟಿನಂತೆ ದಪ್ಪಗೆ ಊದಿಕೊಂಡ ಭಾಗವೊಂದಿದೆ. ಮೊಗ್ಗುಗಳು ಅದರಲ್ಲಿ ಮಲಗಿರುತ್ತವೆ. ಗಂಟಿನ ಮೇಲೆ ಎಲ್ಲಿ ಕಡಿದರೂ ಅವು ಎಚ್ಚರಾಗುತ್ತವೆ. ಗಂಟಿನ ಕೆಳಗೆ ಕಡಿದರೆ ಉಳಿದ ಬೇರು ಎಷ್ಟೇ ಆಳಕ್ಕೆ ಹೋಗಿರಲಿ, ಅಲ್ಲೇ ಒಣಗಿ ಸಾಯುತ್ತದೆ. ಗಂಟು ನೆಲದೊಳಗೆ ಹೆಚ್ಚೆಂದರೆ ಒಂದು ಗೇಣು, ಕೆಲವು ಹಳೆಯ ಗಿಡಗಳಲ್ಲಿ ಇನ್ನೂ ನಾಲ್ಕು ಬೆರಳು ಕೆಳಗೆ ಇರುತ್ತದೆ. ಹಾಗಾಗಿ ನೆಲದಿಂದ ಒಂದು ಮೊಳ ಆಳಕ್ಕೆ ಬುಡ ಎತ್ತಿದರೆ ಸಾಕು, ತಾಯಿಬೇರನ್ನು ಪಾತಾಳದವರೆಗೆ ಬೆನ್ನಟ್ಟಬೇಕಿಲ್ಲ. ಮಷಿನ್ ತಾಸುಗಳ ಖರ್ಚು ನಿಂತಿರುವುದೇ ಈ ಒಂದು ತಿಳಿವಳಿಕೆಯ ಮೇಲೆ.

ಬಳ್ಳಾರಿ ಜಾಲಿ ಈ ನೆಲದ್ದಲ್ಲ. ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಒಣಸೀಮೆಯಿಂದ 19ನೆಯ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದದ್ದು. ತಮಿಳರು ಇದನ್ನು ಸೀಮೈ ಕರುವೇಲಂ ಎನ್ನುತ್ತಾರೆ, ತೆಲುಗರು ಸರ್ಕಾರ್ ತುಮ್ಮ ಎನ್ನುತ್ತಾರೆ. ಕನ್ನಡದಲ್ಲಿ ಬಳ್ಳಾರಿಯ ಹೆಸರು ಅಂಟಿಕೊಂಡಿದೆ. ಅದು ಬಡವರ ಒಲೆ ಉರಿಸಿದ ಗಿಡ ಎಂಬುದನ್ನೂ ಮರೆಯಬಾರದು. ನಮ್ಮ ಮನೆಯಲ್ಲೂ ಎಷ್ಟೋ ವರ್ಷ ರೊಟ್ಟಿ ಬೆಂದದ್ದು ಇದೇ ಕಟ್ಟಿಗೆಯಲ್ಲಿ. ಬದುವಿನ ಮೇಲೆ ಅದಕ್ಕೊಂದು ಜಾಗವಿದೆ. ಬಿತ್ತುವ ನೆಲದಲ್ಲಿ ಇಲ್ಲ.

ಫೆಬ್ರವರಿ: ಹದ್ದುಬಸ್ತು

ಹನ್ನೊಂದು ವರ್ಷದಲ್ಲಿ ಬದು ಯಾವುದು, ಹೊಲ ಯಾವುದು ಎಂಬುದೇ ಅಳಿಸಿಹೋಗಿತ್ತು. ಮಷಿನ್ ಒಮ್ಮೆ ಬಾಂದುಕಲ್ಲನ್ನು ಎತ್ತಿ ಎಸೆದರೆ ಮುಂದಿನ ಎರಡು ತಲೆಮಾರು ಕೋರ್ಟು ಅಲೆಯಬೇಕು. ಅದಕ್ಕೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿದೆ. ಅಕ್ಕಪಕ್ಕದ ಹೊಲದವರಿಗೆ ನೋಟಿಸು ಹೋಗಿ, ಅಳತೆಯ ದಿನ ಗೊತ್ತಾಗಿ, ಭೂಮಾಪಕರು ಬಂದು ಕಲ್ಲು ತೋರಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಕಂಟಿಯೊಳಗೆ ಅಳತೆ ಮಾಡಲು ದಾರಿ ಇರಲಿಲ್ಲ, ಮೂವರು ಆಳುಗಳು ಎರಡು ದಿನ ಮಚ್ಚು ಹಿಡಿದು ಗಡಿಯುದ್ದಕ್ಕೂ ಆಳು ಹೋಗುವಷ್ಟು ಸಂದು ಕಡಿದರು. ಅಪ್ಪ ಹೇಳುತ್ತಿದ್ದ ಹಳೆಯ ಲೆಕ್ಕ ಆಗ ನೆನಪಾಯಿತು: 33 ಅಡಿಯ ಸರಪಳಿ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ನಾಲ್ಕು ಮೂಲೆಯ ಕಲ್ಲುಗಳಲ್ಲಿ ಮೂರು ಇದ್ದ ಜಾಗದಲ್ಲೇ ಸಿಕ್ಕವು. ನಾಲ್ಕನೆಯದು ಜಾಲಿಯ ಬುಡದ ನಡುವೆ ಸಿಕ್ಕಿಕೊಂಡಿತ್ತು. ಗಿಡ ಅದನ್ನು ತಬ್ಬಿಕೊಂಡೇ ಬೆಳೆದಿತ್ತು.

ಸಂದು ಕಡಿಯುವ ಕೂಲಿಯನ್ನು ಯಾರೂ ಅನಗತ್ಯ ಖರ್ಚು ಎಂದುಕೊಳ್ಳಬಾರದು. ಮಷಿನ್ ನಡೆಸುವವನಿಗೆ ಗಡಿ ಕಣ್ಣಿಗೆ ಕಾಣಬೇಕು. ಆ ಸಂದೇ ಅವನಿಗೆ ನಕ್ಷೆ.

ಮಾರ್ಚ್: ಕಾಕಾ ಹುಡುಕಿದ ಬಾವಿ

ಅಪ್ಪನ ತಮ್ಮ, ನಮ್ಮ ಕಾಕಾ, ಈಗ ಎಪ್ಪತ್ತು ದಾಟಿದವರು. ಮಷಿನ್ ತರಿಸುತ್ತೇನೆ ಎಂದಾಗ ಅವರು ಕೇಳಿದ ಮೊದಲ ಮಾತು, "ಬಾವಿ ಎಲ್ಲಿದೆ ಗೊತ್ತೇನವ್ವಾ?"

ನನಗೆ ಗೊತ್ತಿರಲಿಲ್ಲ. ಅವರು ಚಿಕ್ಕವರಿದ್ದಾಗ ಕಪಿಲೆ ಹೊಡೆದು ಎತ್ತುಗಳಿಂದ ನೀರೆತ್ತುತ್ತಿದ್ದ ಬಾವಿ, ನಾನು ಹುಟ್ಟುವ ಮೊದಲೇ ಬತ್ತಿಹೋಗಿತ್ತು. ಕಟ್ಟೆಯ ಕಲ್ಲುಗಳನ್ನು ಯಾರೋ ಮನೆ ಕಟ್ಟಲು ಒಯ್ದಿದ್ದರು. ಕಾಕಾ ರಸ್ತೆಯ ಕಡೆಯ ಬೇವಿನ ಮರದ ಕೆಳಗೆ ನಿಂತು, ಹಳ್ಳದಾಚೆಯ ಗುಡ್ಡದ ತಲೆಯನ್ನು ನೋಡಿ, ಎಡಕ್ಕೆ ಸ್ವಲ್ಪ ತಿರುಗಿ ನಡೆದರು. ಮುಂದೆ ಇಬ್ಬರು ಆಳುಗಳು ಕಂಟಿ ಕಡಿಯುತ್ತಿದ್ದರು. ನೂರಾ ಇಪ್ಪತ್ತು ಹೆಜ್ಜೆ ಎಣಿಸಿದ ಮೇಲೆ ಕಾಕಾ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಕೋಲಿನಿಂದ ಮುಂದಿನ ಕಂಟಿಯನ್ನು ಸರಿಸಿದರು. ಅಲ್ಲಿ ನೆಲವಿರಲಿಲ್ಲ. ದಂಡೆಯ ಮೇಲಿನ ಜಾಲಿಗಳು ನಾಲ್ಕೂ ಕಡೆಯಿಂದ ಬಾಗಿ ಬಾವಿಯ ಬಾಯಿಗೆ ಚಪ್ಪರ ಹಾಕಿದ್ದವು. ಚಪ್ಪರದ ಮೇಲೆ ಒಣಎಲೆ, ಎಲೆಯ ಮೇಲೆ ಬಳ್ಳಿ. ಒಂದು ಕಲ್ಲು ಎಸೆದೆವು. ಅದು ಎಲೆಯನ್ನು ಸೀಳಿಕೊಂಡು ಹೋಯಿತು, ತಡವಾಗಿ ಸದ್ದು ಬಂತು.

ಇಪ್ಪತ್ತು ಟನ್ನಿನ ಮಷಿನ್ ಆ ಚಪ್ಪರದ ಮೇಲೆ ಏರಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇವತ್ತಿಗೂ ಯೋಚಿಸುತ್ತೇನೆ. ಆ ದಿನವೇ ಬಾವಿಯ ಸುತ್ತ ಹದಿನೈದು ಅಡಿ ಬಿಟ್ಟು ಗೂಟ ನೆಟ್ಟು, ಕೆಂಪು ಬಟ್ಟೆ ಕಟ್ಟಿ, ಸುಣ್ಣ ಹಾಕಿಸಿದೆವು. ಬೀಳು ಬಿದ್ದ ಹೊಲಕ್ಕೆ ಮಷಿನ್ ಇಳಿಸುವ ಮೊದಲು ಅಲ್ಲಿ ಉತ್ತ ಹಿರಿಯರೊಬ್ಬರನ್ನು ಕರೆದುಕೊಂಡು ನಡೆಯಿರಿ. ಹಾಳುಬಾವಿ, ಕಾಳು ತುಂಬಿಡುತ್ತಿದ್ದ ಹಳೆಯ ಹಗೇವು, ಸಮಾಧಿಗಳು ಯಾವ ಪಹಣಿಯಲ್ಲೂ ಇರುವುದಿಲ್ಲ.

ಆ ನಡಿಗೆಯಲ್ಲೇ ಉಳಿಸಬೇಕಾದ ಮರಗಳಿಗೂ ಸುಣ್ಣದ ಪಟ್ಟೆ ಬಳಿದೆ: ಮೂರು ಬೇವು, ಒಂದು ಬನ್ನಿ. ಬನ್ನಿಯನ್ನು ಕಡಿಯುವ ಮಾತೇ ನಮ್ಮಲ್ಲಿ ಇಲ್ಲ. ಬೇವನ್ನು ಕಡಿಯಬೇಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಬಳ್ಳಾರಿ ಜಾಲಿ ಆ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿದೆ. ಇದನ್ನು ಆಪರೇಟರ್‌ಗೆ ಮೊದಲೇ ಹೇಳಬೇಕು, ಏಕೆಂದರೆ ಮಷಿನ್ ಮೇಲೆ ಕುಳಿತವನಿಗೆ ಕಂಟಿಯ ನಡುವಿನ ಎಳೆಯ ಬೇವು ಬೇರೆಯಾಗಿ ಕಾಣುವುದಿಲ್ಲ.

ಮೂರು ದರ, ಒಂದು ಪ್ರಶ್ನೆ

ಮೂವರನ್ನು ಹೊಲಕ್ಕೆ ಕರೆಸಿದೆ. ಫೋನಿನಲ್ಲಿ ದರ ಹೇಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲನೆಯವರು ಜೆಸಿಬಿಯವರು, ತಾಸಿಗೆ 1,300 ರೂಪಾಯಿ. ದರ ಕಡಿಮೆ, ಆದರೆ ಜೆಸಿಬಿಗೆ ರಬ್ಬರ್ ಗಾಲಿ. ಈ ಮುಳ್ಳು ಟೈರನ್ನು ಬಿಡುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಪಂಕ್ಚರ್ ಆದರೆ ದಿನ ಹೋಗುತ್ತದೆ. ಎರಡನೆಯವರು ಗುತ್ತಿಗೆಯ ಮಾತಾಡಿದರು: ಇಡೀ ಹೊಲಕ್ಕೆ 40,000, ಕಟ್ಟಿಗೆ ಅವರದು. ಮೂರನೆಯವರು ಹಿಟಾಚಿಯವರು, ಅಂದರೆ ಚೈನಿನ ಮೇಲೆ ನಡೆಯುವ ಮಷಿನ್. ತಾಸಿಗೆ 2,300, ಟ್ರೇಲರ್‌ನಲ್ಲಿ ತಂದು ಒಯ್ಯುವುದಕ್ಕೆ 8,000 ಬೇರೆ.

ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ: "ಹೋದ ವರ್ಷ ನೀವು ತೆಗೆದ ಒಂದು ಹೊಲ ತೋರಿಸುತ್ತೀರಾ?" ನಿನ್ನೆ ತೆಗೆದ ಹೊಲವನ್ನು ನೋಡಿ ಏನೂ ತಿಳಿಯದು, ನಿನ್ನೆ ತೆಗೆದ ಹೊಲಗಳೆಲ್ಲ ಚೆಂದವೇ. ಒಂದು ಮಳೆಗಾಲ ಉಂಡ ಹೊಲವನ್ನು ನೋಡಬೇಕು. ಗುತ್ತಿಗೆಯವರು ಮಾತು ಬದಲಿಸಿದರು. ಜೆಸಿಬಿಯವರು ತೋರಿಸಿದ ಹೊಲದಲ್ಲಿ ಹತ್ತು ಹೆಜ್ಜೆಗೆ ಒಂದರಂತೆ ಚಿಗುರಿತ್ತು. ಹಿಟಾಚಿ ಮಾಲೀಕರು ತಮ್ಮ ಬೈಕಿನಲ್ಲಿ ಮುಂದೆ ಹೋಗಿ ಯಲಬುರ್ಗಾ ರಸ್ತೆಯ ಒಂದು ಹೊಲ ತೋರಿಸಿದರು. ಅಲ್ಲಿ ಕಡಲೆ ಕಿತ್ತ ಹೊಲ ಖಾಲಿ ಇತ್ತು, ಉದ್ದಕ್ಕೂ ನಡೆದರೂ ಐದಾರು ಚಿಗುರಷ್ಟೇ ಕಂಡವು. ಹೊಲದ ಯಜಮಾನರು ಅಲ್ಲೇ ಇದ್ದರು. "ಮಷಿನ್ ಒಳ್ಳೆಯದೇ ಅಕ್ಕಾ, ಆದರೆ ಮೇಲಿನ ಮಣ್ಣನ್ನು ಗುಡ್ಡೆಗೆ ಹಾಕಿಬಿಟ್ಟರು, ಅಲ್ಲಿ ಈಗ ಬೆಳೆ ಏಳುವುದಿಲ್ಲ" ಎಂದು ಅವರು ಹೊಲದ ನಡುವಿನ ಬಿಳಿಚಿದ ಪಟ್ಟಿಯೊಂದನ್ನು ತೋರಿಸಿದರು. ಆ ಒಂದು ಮಾತು ನನಗೆ ಸಾವಿರಾರು ರೂಪಾಯಿ ಉಳಿಸಿತು.

ಕೊನೆಗೆ ಹಿಟಾಚಿಯವರನ್ನೇ ಒಪ್ಪಿದೆ. ಒಂದು ಹಾಳೆಯ ಮೇಲೆ ಮಾತುಗಳನ್ನು ಬರೆದು ಇಬ್ಬರೂ ಸಹಿ ಮಾಡಿದೆವು. ಬುಡವನ್ನು ಒಂದು ಮೊಳದ ಆಳದಿಂದ ಎತ್ತಬೇಕು. ಎತ್ತಿದ ಬುಡವನ್ನು ಬಕೆಟ್ಟಿನಲ್ಲಿ ಹಿಡಿದು ಅಲುಗಿಸಿ, ಮಣ್ಣನ್ನು ಅದೇ ಗುಂಡಿಗೆ ಉದುರಿಸಿ, ಆಮೇಲೆ ಗುಡ್ಡೆಗೆ ಹಾಕಬೇಕು. ಬಕೆಟ್ಟಿನಿಂದ ನೆಲವನ್ನು ಹೆರೆಯಬಾರದು. ತಾಸಿನ ಲೆಕ್ಕ ಮಷಿನ್ ಮೀಟರಿನಂತೆ, ದಿನ ಶುರುವಾದಾಗಲೂ ಮುಗಿದಾಗಲೂ ಮೀಟರಿನ ಫೋಟೊ. ಕೆಟ್ಟು ನಿಂತ ಹೊತ್ತಿಗೆ ಹಣವಿಲ್ಲ. ಡೀಸೆಲ್, ಆಪರೇಟರ್‌ನ ಬಾಟಾ ಮಾಲೀಕರದು. ಊಟ, ಚಹಾ ನಮ್ಮದು. ಕಟ್ಟಿಗೆ ನನ್ನದು. ಸುಣ್ಣ ಬಳಿದ ಮರಕ್ಕೆ ಪೆಟ್ಟು ಬಿದ್ದರೆ ಆ ದಿನದ ಎರಡು ತಾಸು ಕಡಿತ. ಮಾಲೀಕರು ಹಾಳೆಯನ್ನು ಎರಡು ಸಲ ಓದಿದರು. "ಇಷ್ಟು ಬರೆದುಕೊಟ್ಟವರು ಯಾರೂ ಇಲ್ಲ. ಬರೆದರೆ ನಮಗೂ ಒಳ್ಳೆಯದು, ಆಮೇಲೆ ಜಗಳವಿಲ್ಲ" ಎಂದರು.

ಕಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಷಿನ್ ಬರುವ ಮೊದಲೇ ಗಿಡ ಕಡಿಸಿಬಿಡೋಣ, ಕೆಲಸ ಹಗುರವಾಗುತ್ತದೆ ಎಂದು ಅನೇಕರು ಯೋಚಿಸುತ್ತಾರೆ. ನಾನೂ ಹಾಗೆಯೇ ಯೋಚಿಸಿದ್ದೆ. ಆಪರೇಟರ್ ತಡೆದ. ನಿಂತ ಕಾಂಡವೇ ಮಷಿನಿಗೆ ಸನ್ನೆಗೋಲು. ಎದೆಯೆತ್ತರದಲ್ಲಿ ಬಕೆಟ್ ಇಟ್ಟು ತಳ್ಳಿದರೆ ಬುಡ ತಾನಾಗಿ ಮೇಲೇಳುತ್ತದೆ. ಕಡಿದ ಮೋಟಿಗೆ ಹಿಡಿತವಿಲ್ಲ, ಸುತ್ತಲೂ ಅಗೆಯಬೇಕು.

ಏಪ್ರಿಲ್ 22, ಮೊದಲ ದಿನ. ಮೀಟರ್ 6412.3

ಬೆಳಿಗ್ಗೆ ಆರೂವರೆಗೆ ಟ್ರೇಲರ್ ಬಂತು. ಕಾಕಾ ಕಾಯಿ ಒಡೆದರು. ಹೊಲದ ಮೂಲೆಯ ಮೇಲೆ 11 ಕೆವಿ ತಂತಿ ಹಾದುಹೋಗುತ್ತದೆ. ಮಷಿನಿನ ತೋಳು ಅಲ್ಲಿಗೆ ಮುಟ್ಟಬಹುದು ಎಂದು ಹಿಂದಿನ ದಿನವೇ ಜೆಸ್ಕಾಂ ಲೈನ್‌ಮನ್‌ಗೆ ಹೇಳಿದ್ದೆ. ಅವರು ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ಕರೆಂಟು ಬಂದ್ ಮಾಡಿಸಿಕೊಟ್ಟ ಒಂದು ತಾಸಿನಲ್ಲಿ ಆ ಮೂಲೆಯನ್ನು ಮುಗಿಸಿದೆವು.

ಆಮೇಲೆ ರಸ್ತೆಯ ಕಡೆಯಿಂದ ಶುರು ಮಾಡಿ ಹಳ್ಳದ ಕಡೆಗೆ ಸಾಗುವುದೆಂದು ಕಾಕಾ ಹಟ ಹಿಡಿದರು. ಕಾರಣವಿತ್ತು. ಹನ್ನೊಂದು ವರ್ಷದ ಕಂಟಿ ಎಂದರೆ ಮುಂಗುಸಿ, ಮೊಲ, ನವಿಲು, ಕೌಜುಗ, ಹಾವು ಎಲ್ಲಕ್ಕೂ ಮನೆ. ಎರಡು ಕಡೆಯಿಂದ ಮುತ್ತಿದರೆ ಅವು ನಡುವೆ ಸಿಕ್ಕಿ ಸಾಯುತ್ತವೆ. ಒಂದೇ ಕಡೆಯಿಂದ ಹೋದರೆ ಹಳ್ಳಕ್ಕೆ ಇಳಿದು ಹೋಗುತ್ತವೆ. ಹತ್ತು ಗಂಟೆಯ ಹೊತ್ತಿಗೆ ಕೊಳಕುಮಂಡಲವೊಂದು ಮಷಿನಿನ ಮುಂದೆ ಸರಿದುಹೋಯಿತು. ಆಪರೇಟರ್ ಎಂಜಿನ್ ನಿಲ್ಲಿಸಿ ಅದು ದಾಟುವವರೆಗೆ ಕಾದ. ಇಪ್ಪತ್ತೈದರ ಆಸುಪಾಸಿನ ಹುಡುಗ. ಅವನ ಮೇಲೆ ನನಗೆ ಭರವಸೆ ಬಂದದ್ದು ಆ ಗಳಿಗೆಯಲ್ಲಿ.

ಒಂದು ಬುಡ ಏಳುವುದನ್ನು ಹತ್ತಿರದಿಂದ ನೋಡಿದೆ. ತೊಡೆಗಾತ್ರದ ಕಾಂಡ. ಬಕೆಟ್ಟಿನ ಹಲ್ಲುಗಳು ಎದೆಯೆತ್ತರದಲ್ಲಿ ಕಾಂಡಕ್ಕೆ ಆತುಕೊಂಡವು. ಗಿಡ ನಿಧಾನವಾಗಿ ವಾಲಿತು. ಎದುರು ಬದಿಯಲ್ಲಿ ನೆಲ ಹಪ್ಪಳದಂತೆ ಉಬ್ಬಿ ಬಿರುಕು ಬಿಟ್ಟಿತು. ಬಿರುಕಿನೊಳಗಿಂದ ಹಗ್ಗ ಹರಿದಂತೆ ಒಂದೊಂದೇ ಪಕ್ಕಬೇರು ಪಟ್ ಪಟ್ ಎಂದು ಕಿತ್ತುಬಂದವು. ಮಷಿನ್ ಬಕೆಟ್ಟನ್ನು ಕೆಳಗಿಳಿಸಿ ಬುಡದ ಅಡಿಗೆ ಹಾಕಿ ಎತ್ತಿತು. ತಾಯಿಬೇರು ತುಂಡಾದಾಗ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ತಿಳಿಯಿತು. ತುಂಡಾದ ಕಡೆ ಹೊರಗೆ ಮಾಸಲು ಹಳದಿ, ಒಳಗೆ ಕೆಂಗಂದು. ಗಂಟನ್ನು ಮುಟ್ಟಿ ನೋಡಿದೆ: ಮುಷ್ಟಿಯ ಬೆರಳುಗಳ ಹಾಗೆ ಉಬ್ಬುಬ್ಬು, ಪ್ರತಿ ಉಬ್ಬಿನ ಮೇಲೂ ಸಾಸಿವೆಯಷ್ಟು ಮೊಗ್ಗು. ನಾಲ್ಕು ವರ್ಷದ ಹಿಂದಿನ ಕೊಡಲಿ ಏಟಿನ ಗುರುತು ಗಂಟಿನ ಮೇಲೆ ಕರ್ರಗೆ ಉಳಿದಿತ್ತು. ಏಟಿನ ಸುತ್ತಲೂ ಒಂಬತ್ತು ಕಾಂಡ.

ಕಷ್ಟ ಬಂದದ್ದು ಇಲ್ಲೇ. ಒಂಟಿ ಕಾಂಡದ ಗಿಡ ಮೂರು ನಿಮಿಷಕ್ಕೆ ಏಳುತ್ತಿತ್ತು. ಹಿಂದೆ ಕಡಿಸಿದ್ದ, ಒಂಬತ್ತು ಹತ್ತು ತೆಳು ಕಾಂಡ ಒಡೆದ ಪೊದೆಗೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ತಳ್ಳಿದರೆ ತೆಳುಕಾಂಡಗಳು ಬಾಗುತ್ತವೆ, ಮುರಿಯುತ್ತವೆ, ಬುಡ ಅಲ್ಲಾಡುವುದಿಲ್ಲ. ಸುತ್ತ ಅಗೆದೇ ಎತ್ತಬೇಕು. ಅಂದು ಪುಕ್ಕಟೆ ತೆಗೆಸಿದ ಕೆಲಸದ ಬೆಲೆಯನ್ನು ಈ ಏಪ್ರಿಲ್‌ನಲ್ಲಿ ತಾಸಿಗೆ 2,300ರಂತೆ ಕೊಡುತ್ತಿದ್ದೆ.

ಮೊದಮೊದಲು ಹುಡುಗ ಆಳು ಮುಳುಗುವಷ್ಟು ಗುಂಡಿ ತೋಡುತ್ತಿದ್ದ, ಬೇರು ಉಳಿದರೆ ನಾನು ಬೈಯುತ್ತೇನೆಂದು. ಮಷಿನ್ ನಿಲ್ಲಿಸಿ ಗಂಟನ್ನು ತೋರಿಸಿದೆ. "ತಮ್ಮಾ, ಇದು ಬಂದರೆ ಸಾಕು, ಕೆಳಗಿನದನ್ನು ಬಿಡು." ಅಲ್ಲಿಂದ ಕೆಲಸಕ್ಕೆ ವೇಗ ಬಂತು. ಸಂಜೆ ಮೀಟರ್ 6420.8. ಎಂಟೂವರೆ ತಾಸು.

ಏಪ್ರಿಲ್ 23

ರಾತ್ರಿ ಅಶ್ವಿನಿ ಮಳೆಯ ಒಂದು ಹದ ಬಿದ್ದಿತ್ತು. ಮಸಾರಿ ನೆಲ ಮೆತ್ತಗಾಗಿ ಬುಡಗಳು ನಿನ್ನೆಗಿಂತ ಸುಲಭವಾಗಿ ಎದ್ದವು, ಮಣ್ಣೂ ಸಲೀಸಾಗಿ ಉದುರಿತು. ಮಷಿನ್ ಕೆಲಸಕ್ಕೆ ಬಿರುಬೇಸಿಗೆಯ ಗಟ್ಟಿನೆಲಕ್ಕಿಂತ ಒಂದು ಹದ ಮಳೆಯಾದ ಮಸಾರಿ ಎಷ್ಟೋ ಮೇಲು.

ಜಾಲಿಯ ನೆರಳಿನಲ್ಲಿ ಇದ್ದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದಾಗ ಆಶ್ಚರ್ಯವಾಯಿತು. ಮೇಲಿನ ನಾಲ್ಕು ಬೆರಳು ಕಪ್ಪಗೆ, ಪುಡಿಪುಡಿಯಾಗಿ, ಹುಳು ಆಡುವ ಮಣ್ಣು. ಅದರ ಕೆಳಗೆ ನಮ್ಮ ಎಂದಿನ ಕೆಂಪು. ಜಾಲಿ ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ವರ್ಷವರ್ಷ ಎಲೆ ಉದುರಿಸುತ್ತದೆ. ಹನ್ನೊಂದು ವರ್ಷ ನಮ್ಮ ಹೊಲವನ್ನು ಆಕ್ರಮಿಸಿದ ಗಿಡ ಬಾಡಿಗೆಯಂತೆ ಬಿಟ್ಟುಹೋದ ಗೊಬ್ಬರ ಇದು. ಇದನ್ನು ಬಕೆಟ್ಟಿನಿಂದ ಹೆರೆದು ಗುಡ್ಡೆಗೆ ಹಾಕಿದರೆ ನೋವೂ ಉಳಿದು ಲಾಭವೂ ಹೋಗುತ್ತದೆ. ಆ ದಿನ ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ಮಷಿನ್ ಹತ್ತಿರವೇ ನಿಂತು, ಪ್ರತಿ ಬುಡವನ್ನೂ ಅಲುಗಿಸಿಯೇ ಮುಂದೆ ಹೋಗುವಂತೆ ನೋಡಿಕೊಂಡೆ.

ನಾಲ್ಕು ಗಂಟೆಗೆ ಅನಾಹುತವಾಯಿತು. ಪೂರ್ವದ ಮೂಲೆಯಲ್ಲಿ ಬುಡದ ಜೊತೆಗೆ ಪೈಪೂ ಎದ್ದುಬಂತು. ಪಕ್ಕದ ಹೊಲದವರು ಬೋರ್‌ವೆಲ್ಲಿನಿಂದ ತಮ್ಮ ದಾಳಿಂಬೆಗೆ ನೀರು ಒಯ್ಯಲು ನಮ್ಮ ಹೊಲದ ಮೂಲೆಯಲ್ಲಿ ಪಿವಿಸಿ ಪೈಪು ಹೂತಿದ್ದರು. ಅಪ್ಪನ ಕಾಲದಲ್ಲಿ ಅಪ್ಪನನ್ನು ಕೇಳಿಯೇ. ಕಂಟಿಯ ನಡುವೆ ಅವರಿಗೂ ಅದರ ಜಾಗ ಮರೆತಿತ್ತು. ನೀರು ಚಿಮ್ಮಿ ಗುಂಡಿ ತುಂಬಿತು. ಅವರು ಓಡಿಬಂದು ಮೋಟಾರು ಬಂದ್ ಮಾಡಿದರು. ನಮ್ಮ ಹಾಳೆಯಲ್ಲಿ ಪೈಪಿನ ಮಾತಿರಲಿಲ್ಲ, ಮಷಿನಿನವರನ್ನು ದೂರುವಂತಿರಲಿಲ್ಲ. ರಿಪೇರಿಯ 2,600 ನಾನೇ ಕೊಟ್ಟೆ. ಈಗ ಯಾರಾದರೂ ನನ್ನನ್ನು ಕೇಳಿದರೆ ನಾಲ್ಕೂ ಕಡೆಯ ಹೊಲದವರನ್ನು ಕರೆದು "ನನ್ನ ಹೊಲದೊಳಗೆ ನಿಮ್ಮದೇನಾದರೂ ಇದೆಯೇ?" ಎಂದು ಮೊದಲೇ ಕೇಳಿ ಎನ್ನುತ್ತೇನೆ.

ಸಂಜೆ ಚೀಟಿಯಲ್ಲಿ 10 ತಾಸು ಎಂದು ಬರೆದಿತ್ತು. ಮೀಟರ್ ಫೋಟೊದಲ್ಲಿ 6430.0, ಅಂದರೆ 9.2 ತಾಸು. ಫೋಟೊ ತೋರಿಸಿದೆ, ಮಾಲೀಕರು ಮರುಮಾತಿಲ್ಲದೆ ತಿದ್ದಿದರು. ಎಂಜಿನ್ ಚಾಲೂ ಇರುವವರೆಗೆ ಮೀಟರ್ ಓಡುತ್ತಲೇ ಇರುತ್ತದೆ ಎಂಬುದು ಅಂದು ಮಧ್ಯಾಹ್ನ ಗೊತ್ತಾಗಿತ್ತು. ಬುತ್ತಿ ಬಿಚ್ಚುವ ಮೊದಲು ಎಂಜಿನ್ ಬಂದ್ ಮಾಡಿಸಬೇಕು.

ಏಪ್ರಿಲ್ 24

ಹಳ್ಳದ ಕಡೆಯ ಎರೆ ಇನ್ನೂ ಹಸಿಯಿತ್ತು. ಚೈನಿಗೆ ಮಣ್ಣು ಮೆತ್ತಿ ಮಷಿನ್ ಜಾರುತ್ತಿತ್ತು. ಬೆಳಿಗ್ಗೆ ಉಳಿದ ಮಸಾರಿಯನ್ನು, ಬಾವಿಯ ಸುತ್ತಲನ್ನು ಮುಗಿಸಿ, ಹನ್ನೊಂದರ ಬಿಸಿಲಿನಲ್ಲಿ ಮೇಲ್ಮಣ್ಣು ತುಸು ಆರಿದ ಮೇಲೆ ಎರೆಗೆ ಇಳಿದೆವು. ಬಾವಿಯ ದಂಡೆಯ ಜಾಲಿಗಳನ್ನು ಮಷಿನಿಗೆ ಮುಟ್ಟಗೊಡಲಿಲ್ಲ, ಬುಡ ಎತ್ತಿದರೆ ದಂಡೆಯೇ ಕುಸಿಯುತ್ತದೆ. ಹಳ್ಳದ ಅಂಚಿನಲ್ಲೂ ಎರಡು ಸಾಲು ಗಿಡ ಬಿಟ್ಟೆ. ಮಳೆಗಾಲದಲ್ಲಿ ಹಳ್ಳ ಬಂದಾಗ ಮಣ್ಣು ಹಿಡಿಯಲು ಅವು ಬೇಕು, ಓಡಿಹೋದ ಜೀವಗಳಿಗೂ ಒಂದು ಮರೆ ಬೇಕು. ಸಂಜೆ ಐದೂವರೆಗೆ ಮೀಟರ್ 6438.3. ಒಟ್ಟು 26 ತಾಸು.

ಆ ಹೊತ್ತಿಗೆ ಈ ತುದಿಯಿಂದ ಆ ತುದಿಯ ಬೇವು ಕಂಡಿತು. ಕಾಕಾ ಬದುವಿನ ಮೇಲೆ ಕುಳಿತು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಬೇರು ಆರಿಸುವ ಕೆಲಸ

ಮಷಿನ್ ಹೋದ ಮೇಲೆ ಹೊಲ ಮುಗಿಯಿತು ಎಂದುಕೊಳ್ಳುವಂತಿಲ್ಲ. ಪಲ್ಟಿ ನೇಗಿಲಿನಿಂದ ಒಮ್ಮೆ ಆಳಕ್ಕೆ ಹೊಡೆಸಿದೆ. ಹೆಬ್ಬೆರಳು ಗಾತ್ರದ ಪಕ್ಕಬೇರುಗಳು ಸಾಲುಸಾಲಾಗಿ ಮೇಲೆ ಬಂದವು. ಊರಿನ ಎಂಟು ಹೆಣ್ಣುಮಕ್ಕಳು ಮೂರು ದಿನ ಬೇರು ಮತ್ತು ಮುಳ್ಳು ಆರಿಸಿದರು. ಟೈರ್ ಅಟ್ಟೆಯ ಚಪ್ಪಲಿ ಹಾಕಿಕೊಂಡವರಿಗೆ ಏನೂ ಆಗಲಿಲ್ಲ. ತೆಳು ಚಪ್ಪಲಿಯಲ್ಲಿ ಬಂದ ಒಬ್ಬಾಕೆಗೆ ಮುಳ್ಳು ಅಟ್ಟೆ ದಾಟಿ ಹಿಮ್ಮಡಿಗೆ ಹೊಕ್ಕು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೆಗೆಸಿ ಟಿಟಿ ಹಾಕಿಸಬೇಕಾಯಿತು. ಎಲ್ಲರಿಗೂ ಗಟ್ಟಿ ಚಪ್ಪಲಿ ತರಿಸಬೇಕು ಎಂಬುದು ಆಮೇಲೆ ಹೊಳೆಯಿತು. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಕಟ್ಟಿಗೆ 17 ಟನ್ ಆಯಿತು. ಕೊಂಡವರೇ ಕಡಿದು, ತುಂಬಿ, ಕಾಟಾದಲ್ಲಿ ತೂಗಿಸಿ ಟನ್ನಿಗೆ 2,200ರಂತೆ ಒಯ್ದರು. ಬುಡಗಳೂ ತೂಕಕ್ಕೆ ಹೋದವು. ಅವುಗಳ ಇದ್ದಿಲು ಹೆಚ್ಚು ಹೊತ್ತು ಕಾವು ಹಿಡಿಯುತ್ತದೆಯಂತೆ. ಸಣ್ಣ ಮುಳ್ಳುಕೊಂಬೆಗಳಲ್ಲಿ ಕಾಯಿ ಇಲ್ಲದವನ್ನು ಆರಿಸಿ ಬಾವಿಯ ಸುತ್ತ ಬೇಲಿ ಹಾಕಿಸಿದೆ.

ಖರ್ಚಿನ ಲೆಕ್ಕ ಹೀಗಿದೆ. ಸಂದು ಕಡಿದ ಆಳುಗಳಿಗೆ 3,600, ಮಷಿನ್ ತಾಸುಗಳಿಗೆ 59,800, ಟ್ರೇಲರ್‌ಗೆ 8,000, ನೇಗಿಲಿಗೆ 9,000, ಬೇರು ಆರಿಸಿದವರಿಗೆ 8,400, ಪೈಪಿಗೆ 2,600. ಎಲ್ಲ ಸೇರಿ 91,400. ಕಟ್ಟಿಗೆಯಿಂದ ಬಂದದ್ದು 37,400. ಕೈಯಿಂದ ಹೋದದ್ದು 54,000. ಎರಡನೆಯವರ 40,000ದ ಗುತ್ತಿಗೆಯಲ್ಲಿ ಕಟ್ಟಿಗೆಯೂ ಹೋಗಿ, ಬುಡವೂ ಉಳಿಯುತ್ತಿತ್ತು ಎಂಬುದನ್ನು ಪಕ್ಕಕ್ಕೆ ಇಟ್ಟು ನೋಡಬೇಕು.

ಒಂದು ವಿಷಯದಲ್ಲಿ ತಡ ಮಾಡಿದೆ. ನನ್ನ ಶಾಲೆಗೆ ಬೇಸಿಗೆ ರಜೆ ಸಿಗುವವರೆಗೆ ಕಾದದ್ದರಿಂದ ಜಾಲಿಯ ಕಾಯಿ ಆಗಲೇ ಮಾಗಿ ಉದುರಿತ್ತು. ಕೆಲಸವನ್ನು ಕಾಯಿ ಮಾಗುವ ಮೊದಲೇ ಮುಗಿಸಿದ್ದರೆ ಸಾವಿರಾರು ಬೀಜ ನೆಲಕ್ಕೆ ಬೀಳುತ್ತಿರಲಿಲ್ಲ. ಈ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದು ಕಾಯುತ್ತದೆ. ಸಿಹಿಕಾಯನ್ನು ಕುರಿ, ಆಡು, ದನ ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಅರಗದೆ, ಗಟ್ಟಿಸಿಪ್ಪೆ ಮೆತ್ತಗಾಗಿ, ಹಿಕ್ಕೆಯ ಗೊಬ್ಬರದ ಜೊತೆಗೇ ನೆಲಕ್ಕೆ ಬೀಳುತ್ತದೆ. ಹೊಲ ಬಯಲಾದ ಸುದ್ದಿ ತಿಳಿದು ಕುರಿಗಾರರೊಬ್ಬರು ಬಂದು, "ಅಕ್ಕಾ, ನಾಲ್ಕು ರಾತ್ರಿ ಕುರಿ ನಿಲ್ಲಿಸಲೇ?" ಎಂದು ಕೇಳಿದರು. ಕುರಿಗೊಬ್ಬರ ಯಾರಿಗೆ ಬೇಡ? ಆದರೆ ಅವರ ಹಿಂಡು ಆ ವಾರವೆಲ್ಲ ಮೇಯ್ದದ್ದು ಹಳ್ಳದ ಜಾಲಿಯ ಕೆಳಗೆ. ಕಡಲೆ ಹೊಟ್ಟು, ಶೇಂಗಾ ಬಳ್ಳಿ ಮೇಯುವ ಕಾಲದಲ್ಲಿ ಖಂಡಿತ ಬನ್ನಿ ಎಂದು ಕೈಮುಗಿದು ಹೇಳಿದೆ. ಅವರಿಗೆ ಕಾರಣ ವಿವರಿಸಬೇಕಾಗಲಿಲ್ಲ.

ಜೂನ್: ಮಳೆಯ ನಂತರ

ರೋಹಿಣಿ ಮಳೆ ಎರಡು ಹದ ಬಂತು. ಹತ್ತನೆಯ ದಿನ ನಾನೂ ಕಾಕಾನೂ ಹೊಲವನ್ನು ಪಟ್ಟಿಪಟ್ಟಿಯಾಗಿ ನಡೆದೆವು. ಬುಡ ಉಳಿದು ಚಿಗುರಿದ್ದು 23 ಕಡೆ. ಹೆಚ್ಚಿನವು ಮಣ್ಣು ಹಸಿಯಿದ್ದಾಗ ಅವಸರದಲ್ಲಿ ಎತ್ತಿದ ಎರೆಯ ಪಟ್ಟಿಯಲ್ಲಿ. ಒಂದೊಂದಕ್ಕೂ ಗೂಟ ನೆಟ್ಟು, ಗುದ್ದಲಿಯಿಂದ ಮೊಳದಾಳ ಅಗೆದು ಗಂಟು ತೆಗೆಸಿದೆ. ಒಬ್ಬ ಆಳಿಗೆ ಎರಡು ದಿನದ ಕೆಲಸ. ಬೀಜದಿಂದ ಎದ್ದ ಸಸಿಗಳು ಮಾತ್ರ ಎಣಿಕೆಗೆ ಸಿಗಲಿಲ್ಲ. ಎರಡೆಲೆಯ ಸಸಿ ಬೆರಳಿನಲ್ಲಿ ಹಿಡಿದರೆ ಬೇರುಸಮೇತ ಬರುತ್ತದೆ, ತಿಂಗಳು ಬಿಟ್ಟರೆ ಗುದ್ದಲಿ ಬೇಕು, ವರ್ಷ ಬಿಟ್ಟರೆ ಮತ್ತೆ ಮಷಿನ್. ಅದಕ್ಕೆ ಸಾಲು ಬಿಟ್ಟು ಬಿತ್ತುವ ಬೆಳೆಯನ್ನೇ ಆರಿಸಿದೆವು, ಸಾಲಿನ ನಡುವೆ ಎಡೆಕುಂಟೆ ಹೊಡೆದಷ್ಟೂ ಸಸಿ ಸಾಯುತ್ತದೆ. ಮಸಾರಿಗೆ ಸಜ್ಜೆ, ನಡುನಡುವೆ ತೊಗರಿಯ ಅಕ್ಕಡಿ. ಎರೆಯನ್ನು ಹಿಂಗಾರಿ ಕಡಲೆಗೆಂದು ಬಿಟ್ಟಿದ್ದೇವೆ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಹರಗುವುದು.

ಸಜ್ಜೆ ಈಗ ಮೊಳಕಾಲೆತ್ತರ ಇದೆ. ಭಾನುವಾರ ಬೆಳಿಗ್ಗೆ ಗಂಗಾವತಿಯಿಂದ ಬಸ್ಸು ಹಿಡಿದು ಬಂದು, ಒಂದು ಪುಟ್ಟಿ ಸಸಿ ಕಿತ್ತು, ಸಂಜೆಗೆ ಹಿಂತಿರುಗುತ್ತೇನೆ. ಮುಂದಿನ ಕೆಲಸ ಬಾವಿಗೆ ಸುತ್ತಲೂ ಎದೆಮಟ್ಟದ ಕಲ್ಲಿನ ಕಟ್ಟೆ. ಗೌಂಡಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ; ಮಳೆಗಾಲ ಮುಗಿದ ಮೇಲೆ ಕಲ್ಲು ಹೊಡೆಸಬೇಕು.